ಇಸಾಕ್ವೀನಾ ಕೌಂಟಿ: ಒಡ್ಡಿನ ಹಿಂದಿನ ಫಲವತ್ತಾದ ಬಡನಾಡು

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ 82 ಕೌಂಟಿಗಳಿವೆ. ಅವುಗಳಲ್ಲಿ ಅತಿ ಕಡಿಮೆ ಜನವಸತಿ ಇರುವುದು ಇಸಾಕ್ವೀನಾ ಕೌಂಟಿಯಲ್ಲಿ. 2020ರ ಜನಗಣತಿಯ ಪ್ರಕಾರ ಅಲ್ಲಿದ್ದವರು 1,338 ಮಂದಿ. ಸುಮಾರು 1,140 ಚದರ ಕಿಲೋಮೀಟರ್ ವಿಸ್ತಾರದ ಈ ನೆಲದ ಪಶ್ಚಿಮ ಅಂಚಿನ ಉದ್ದಕ್ಕೂ ಮಿಸಿಸಿಪ್ಪಿ ನದಿ ಹರಿಯುತ್ತದೆ, ಆ ನದಿ ಸಾವಿರಾರು ವರ್ಷ ತಂದು ಸುರಿದ ಮೆಕ್ಕಲು ಮಣ್ಣು ಅಮೆರಿಕದ ಅತ್ಯಂತ ಫಲವತ್ತಾದ ಮಣ್ಣುಗಳ ಪೈಕಿ ಒಂದೆಂದು ಹೆಸರಾಗಿದೆ. ಆದರೂ ತಲಾ ಆದಾಯದ ಪಟ್ಟಿಗಳಲ್ಲಿ ಈ ಕೌಂಟಿಯನ್ನು ಹುಡುಕಬೇಕಾದರೆ ಕೆಳಗಿನಿಂದ ಓದುವುದು ಲೇಸು. ಮಣ್ಣು ಇಷ್ಟು ಸಮೃದ್ಧವಾಗಿರುವಲ್ಲಿ ಜನ ಇಷ್ಟು ಬಡವರಾಗಿ, ಇಷ್ಟು ವಿರಳವಾಗಿ ಉಳಿದದ್ದು ಹೇಗೆ ಎಂಬುದಕ್ಕೆ ಉತ್ತರ ಅಲ್ಲಿನ ನೆಲದ ಇಳಿಜಾರಿನಲ್ಲಿಯೂ ಆ ನೆಲ ಯಾರ ಕೈಯಲ್ಲಿತ್ತು ಎಂಬುದರಲ್ಲಿಯೂ ಇದೆ. ಇವೆರಡನ್ನೂ ಒಟ್ಟಿಗೆ ನೋಡದೆ ಈ ಊರಿನ ಕಥೆ ಅರ್ಥವಾಗುವುದಿಲ್ಲ.

ಕೌಂಟಿ ಎಂಬುದು ರಾಜ್ಯದ ಕೆಳಗಿನ ಆಡಳಿತ ಘಟಕ. ಜಮೀನಿನ ದಾಖಲೆ, ಆಸ್ತಿ ತೆರಿಗೆ, ರಸ್ತೆ, ನ್ಯಾಯಾಲಯ, ಜೈಲು, ಮತದಾರರ ನೋಂದಣಿ ಇವೆಲ್ಲ ಅದರ ಕೈಯಲ್ಲಿರುತ್ತವೆ. ಮಿಸಿಸಿಪ್ಪಿಯಲ್ಲಿ ಐವರು ಚುನಾಯಿತ ಮೇಲ್ವಿಚಾರಕರ ಮಂಡಳಿ ಅದನ್ನು ನಡೆಸುತ್ತದೆ, ಶೆರೀಫ್ ಕೂಡ ಚುನಾವಣೆಯಲ್ಲಿಯೇ ಗೆದ್ದು ಬರಬೇಕು. ನಮ್ಮಲ್ಲಿ ಜಿಲ್ಲಾಧಿಕಾರಿ ಸರ್ಕಾರದಿಂದ ನೇಮಕವಾಗಿ ಬರುತ್ತಾರಾದ್ದರಿಂದ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಯಾರಿಗೆ ಮತ ಹಾಕುವ ಹಕ್ಕಿದೆಯೋ ಅವರ ಕೈಗೆ ಪೊಲೀಸ್ ಅಧಿಕಾರದಿಂದ ಹಿಡಿದು ತೆರಿಗೆಯವರೆಗೆ ಎಲ್ಲವೂ ಸೇರುತ್ತದೆ. ಇಸಾಕ್ವೀನಾದ ಆಡಳಿತ ಕೇಂದ್ರ ಮೇಯರ್ಸ್‌ವಿಲ್, ನದಿಯ ಒಡ್ಡಿಗೆ ಒರಗಿದಂತಿರುವ ಕೆಲವೇ ಬೀದಿಗಳ ಊರು.

ಈ ಭಾಗವನ್ನು ‘ಮಿಸಿಸಿಪ್ಪಿ ಡೆಲ್ಟಾ’ ಎಂದು ಕರೆಯುವುದು ರೂಢಿಯಾದರೂ ನದಿ ಸಮುದ್ರ ಸೇರುವ ಮುಖಜಭೂಮಿ ಇಲ್ಲಿಂದ ನೂರಾರು ಕಿಲೋಮೀಟರ್ ದಕ್ಷಿಣದಲ್ಲಿದೆ. ಇದು ಪಶ್ಚಿಮದಲ್ಲಿ ಮಿಸಿಸಿಪ್ಪಿ, ಪೂರ್ವದಲ್ಲಿ ಯಾಜೂ ನದಿ, ಇವೆರಡರ ನಡುವೆ ಎಲೆಯ ಆಕಾರದಲ್ಲಿ ಹರಡಿರುವ ನೆರೆಬಯಲು. ಎರಡೂ ನದಿಗಳು ವಿಕ್ಸ್‌ಬರ್ಗ್ ಪಟ್ಟಣದ ಬಳಿ ಕೂಡುತ್ತವೆ. ಎಲೆಯ ಆ ಕೆಳತುದಿಗೆ ತಾಗಿಕೊಂಡೇ ಇಸಾಕ್ವೀನಾ ಇರುವುದರಿಂದ ಡೆಲ್ಟಾದ ಉತ್ತರದಲ್ಲಿ ಬಿದ್ದ ಮಳೆಯೆಲ್ಲ ಕೊನೆಗೆ ಈ ಮೂಲೆಗೇ ಬಂದು ಸೇರುತ್ತದೆ.

ನದೀತೀರವೆಂದರೆ ಹೊಲಗಳೆಲ್ಲ ನದಿಯ ಕಡೆಗೆ ಇಳಿದಿರುತ್ತವೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಆಗುವುದು ಅದಕ್ಕೆ ವಿರುದ್ಧ. ಉಕ್ಕಿದ ನದಿ ದಂಡೆ ದಾಟಿದ ಕೂಡಲೇ ಅದರ ವೇಗ ತಗ್ಗುತ್ತದೆ, ಆಗ ಭಾರವಾದ ಮರಳು ಮತ್ತು ಗೋಡು ದಂಡೆಯ ಮೇಲೆಯೇ ಕೂರುತ್ತವೆ, ನಯವಾದ ಜೇಡಿ ಮಾತ್ರ ನೀರಿನೊಡನೆ ದೂರ ಸಾಗಿ ನಿಂತ ನೀರಿನಲ್ಲಿ ಮೆಲ್ಲಗೆ ತಳ ಸೇರುತ್ತದೆ. ಹೀಗೆ ಪ್ರತಿ ನೆರೆಯಲ್ಲಿಯೂ ದಂಡೆ ಒಂದಿಷ್ಟು ಎತ್ತರವಾಗುತ್ತಾ ಹೋಗಿ, ಇಡೀ ಬಯಲಿನಲ್ಲಿ ಅತಿ ಎತ್ತರದ ಜಾಗವೆಂದರೆ ನದಿಯ ಅಂಚೇ ಆಗಿಬಿಡುತ್ತದೆ. ಅಲ್ಲಿಂದ ಒಳಕ್ಕೆ ನಡೆದಷ್ಟೂ ನೆಲ ಇಳಿಯುತ್ತದೆ. ಮಿಸಿಸಿಪ್ಪಿ ಹಿಂದೆಂದೋ ಬಿಟ್ಟುಹೋದ ಹಳೆಯ ಪಾತ್ರಗಳ ದಂಡೆಗಳೂ ಹೀಗೆಯೇ ಎತ್ತರವಾಗಿವೆ. ಡೀರ್ ಕ್ರೀಕ್ ಎಂಬ ಸಣ್ಣ ತೊರೆ ಅಂಥದೊಂದು ಹಳೆಯ ದಂಡೆಗಳ ನಡುವೆ ಹರಿಯುತ್ತದೆ. ಎರಡು ದಂಡೆಗಳ ನಡುವಿನ ತಗ್ಗಿನಲ್ಲಿ ಸ್ಟೀಲ್ ಬಯೂವಿನಂತಹ, ಹರಿಯುವುದೋ ನಿಲ್ಲುವುದೋ ಹೇಳಲಾಗದ ನೀರುಗಳಿವೆ. ಅಮೆರಿಕದ ದಕ್ಷಿಣದಲ್ಲಿ ಇಂಥ ನಿಧಾನದ ಕಾಲುವೆಗಳಿಗೆ ‘ಬಯೂ’ ಎಂದೇ ಹೆಸರು.

ತಗ್ಗಿನ ಜೇಡಿಮಣ್ಣನ್ನು ಅಲ್ಲಿಯ ರೈತರು ‘ಬಕ್‌ಶಾಟ್’ ಎನ್ನುತ್ತಾರೆ. ಗದಗ, ಧಾರವಾಡದ ಕಡೆಯ ಎರೆಭೂಮಿಯನ್ನು ಕಂಡವರಿಗೆ ಅದರ ಗುಣ ಹೊಸದಲ್ಲ: ಒಣಗಿದರೆ ಕೈ ಇಳಿಯುವಷ್ಟು ಬಿರುಕು, ನೆನೆದರೆ ಕಾಲು ಕಿತ್ತಿಡಲಾಗದ ಅಂಟು, ಉಳುಮೆಗೆ ಹದ ಸಿಗುವುದು ಕೆಲವೇ ದಿನ. ಎರಡೂ ಕಡೆ ನೀರುಂಡು ಹಿಗ್ಗುವ, ಒಣಗಿ ಕುಗ್ಗುವ ಒಂದೇ ಜಾತಿಯ ಜೇಡಿ ಇದೆ. ವ್ಯತ್ಯಾಸವೆಂದರೆ ಎರೆಭೂಮಿಗೆ ಮಳೆ ಸಾಲದು ಎಂಬ ಚಿಂತೆ, ಬಕ್‌ಶಾಟ್‌ಗೆ ನೀರು ಇಳಿಯದು ಎಂಬ ಚಿಂತೆ.

ಈ ನೆಲ ಮೊದಲು ಚಾಕ್ಟಾ ಎಂಬ ಮೂಲನಿವಾಸಿ ಜನರದಾಗಿತ್ತು. 1820ರ ಡೋಕ್ಸ್ ಸ್ಟ್ಯಾಂಡ್ ಒಪ್ಪಂದದಲ್ಲಿ ಅವರು ಡೆಲ್ಟಾದ ದಕ್ಷಿಣ ಭಾಗವನ್ನು ಬಿಟ್ಟುಕೊಡಬೇಕಾಯಿತು. 1844ರಲ್ಲಿ ವಾಷಿಂಗ್ಟನ್ ಕೌಂಟಿಯಿಂದ ಒಂದು ಭಾಗವನ್ನು ಬೇರ್ಪಡಿಸಿ ಇಸಾಕ್ವೀನಾವನ್ನು ರಚಿಸಿದರು. ಆಗ ಇದು ದಟ್ಟ ಕಾಡು, ಬಿದಿರಿನ ಜಾತಿಯ ಹುಲ್ಲಿನ ಮೆಳೆ, ಕರಡಿ, ಮಲೇರಿಯಾಗಳ ಸೀಮೆ. ಬಡ ರೈತ ಕುಟುಂಬವೊಂದು ಕೊಡಲಿ ಹಿಡಿದು ಬಂದು ನೆಲೆಸುವ ಜಾಗ ಇದಾಗಿರಲಿಲ್ಲ. ಕಾಡು ಕಡಿಯುವುದಕ್ಕೂ ಒಡ್ಡು ಕಟ್ಟುವುದಕ್ಕೂ ಮೊದಲ ಫಸಲು ಕೈಸೇರುವವರೆಗೆ ಕಾಯುವುದಕ್ಕೂ ದೊಡ್ಡ ಬಂಡವಾಳ ಬೇಕಿತ್ತು, ಆ ಬಂಡವಾಳವನ್ನು ದಕ್ಷಿಣದ ಶ್ರೀಮಂತರು ಮನುಷ್ಯರ ರೂಪದಲ್ಲಿ ಇಟ್ಟುಕೊಂಡಿದ್ದರು. ಆದ್ದರಿಂದ ಇಲ್ಲಿ ಸಣ್ಣ ಹಿಡುವಳಿ ಎಂಬುದು ಆರಂಭದಿಂದಲೇ ಬೇರೂರಲಿಲ್ಲ. ಎತ್ತರದ ದಂಡೆಗಳ ಮೇಲೆ ಸಾಲಾಗಿ ದೊಡ್ಡ ಹತ್ತಿ ತೋಟಗಳು ಎದ್ದವು, ತೋಟಕ್ಕೊಂದು ಕಟ್ಟೆ, ಹತ್ತಿಯನ್ನು ನ್ಯೂ ಆರ್ಲಿಯನ್ಸಿಗೆ ಒಯ್ಯುವ ಹಬೆ ದೋಣಿ ಆ ಕಟ್ಟೆಗೇ ಬಂದು ನಿಲ್ಲುತ್ತಿತ್ತು.

1860ರ ಜನಗಣತಿ ಈ ವ್ಯವಸ್ಥೆಯ ಪರಾಕಾಷ್ಠೆಯನ್ನು ತೋರಿಸುತ್ತದೆ. ಕೌಂಟಿಯ ಒಟ್ಟು 7,831 ಜನರಲ್ಲಿ 7,244 ಮಂದಿ ಗುಲಾಮರು, ಎಂದರೆ ನೂರಕ್ಕೆ 92.5ರಷ್ಟು. ಇಡೀ ಅಮೆರಿಕದಲ್ಲಿ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇರೆ ಯಾವ ಕೌಂಟಿಯಲ್ಲೂ ಇರಲಿಲ್ಲ. ಇಲ್ಲಿನ ಅತಿ ದೊಡ್ಡ ಒಡೆಯ ಸ್ಟೀಫನ್ ಡಂಕನ್. ಅವನ ಹೆಸರಿನಲ್ಲಿ ಈ ಒಂದೇ ಕೌಂಟಿಯಲ್ಲಿ 858 ಗುಲಾಮರಿದ್ದರು. ಡಂಕನ್ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವನು, ಬ್ಯಾಂಕ್ ನಡೆಸುತ್ತಿದ್ದವನು, ವಾಸ ದಕ್ಷಿಣದ ನ್ಯಾಚೆಜ್ ಪಟ್ಟಣದ ಬಂಗಲೆಯಲ್ಲಿ. ಇಸಾಕ್ವೀನಾ ಅವನಿಗೆ ಲೆಕ್ಕದ ಪುಸ್ತಕದೊಳಗಿನ ಒಂದು ಪುಟ. ಹತ್ತಿಯ ಲಾಭ ನದಿಯಲ್ಲಿ ಇಳಿದು ನ್ಯಾಚೆಜ್‌ಗೋ ನ್ಯೂಯಾರ್ಕಿಗೋ ಹೋಯಿತೇ ಹೊರತು, ಬೆಳೆದ ಜಾಗದಲ್ಲಿ ಒಂದು ಪಟ್ಟಣವನ್ನಾಗಲಿ ಶಾಲೆಯನ್ನಾಗಲಿ ಕಟ್ಟಲಿಲ್ಲ. ನನ್ನ ಅಂದಾಜಿನಲ್ಲಿ ಈ ಕೌಂಟಿಯ ಮುಂದಿನ ಇತಿಹಾಸವನ್ನೆಲ್ಲ ರೂಪಿಸಿದ್ದು ಗುಲಾಮಗಿರಿಯ ಜತೆಗೆ ಈ ಪರಸ್ಥಳದ ಒಡೆತನ. ಗುಲಾಮಗಿರಿ ಕಾನೂನಿನ ಪ್ರಕಾರ 1865ರಲ್ಲಿ ಮುಗಿಯಿತು, ದೂರದ ಊರಿನ ಒಡೆತನ ಮಾತ್ರ ರೂಪ ಬದಲಿಸಿಕೊಂಡು ಉಳಿಯಿತು.

ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಸಮಯದಲ್ಲಿ ಈ ಬಯೂಗಳು ಕೆಲವು ದಿನ ದೇಶದ ಗಮನ ಸೆಳೆದವು. ವಿಕ್ಸ್‌ಬರ್ಗ್ ಕೋಟೆಯನ್ನು ಎದುರಿನಿಂದ ಹಿಡಿಯಲಾಗದ ಉತ್ತರದ ಪಡೆಯ ಜನರಲ್ ಗ್ರಾಂಟ್ 1863ರ ಮಾರ್ಚ್‌ನಲ್ಲಿ ಅಡ್ಮಿರಲ್ ಪೋರ್ಟರ್‌ನ ಐದು ಕಬ್ಬಿಣದ ಕವಚದ ಹಡಗುಗಳನ್ನು ಸ್ಟೀಲ್ ಬಯೂ, ಡೀರ್ ಕ್ರೀಕ್‌ಗಳ ಮೂಲಕ ಹಿಂಬದಿಗೆ ಕಳುಹಿಸಿದ. ದೊಡ್ಡ ನದಿಗಳ ಯುದ್ಧಕ್ಕೆ ಹೊಂದಿಕೊಂಡಿದ್ದ ನೌಕಾಪಡೆ ಕಾಡಿನ ತೊರೆಯಲ್ಲಿ ಮರದ ಕೊಂಬೆ, ಬಳ್ಳಿಗಳ ಜತೆ ಸೆಣಸಿತು. ಎದುರಾಳಿಗಳು ಮುಂದೆಯೂ ಹಿಂದೆಯೂ ಮರ ಕಡಿದು ಕೆಡವಿದಾಗ ಹಡಗುಗಳು ತಿರುಗಲಾರದೆ ಸಿಕ್ಕಿಕೊಂಡವು, ಕೊನೆಗೆ ಷರ್ಮನ್‌ನ ಕಾಲಾಳುಗಳು ಬಂದು ಬಿಡಿಸಿದ ಮೇಲೆ ಬಂದ ದಾರಿಯಲ್ಲೇ ಹಿಂದೆ ಸರಿದವು.

ಅದೇ ಯುದ್ಧದ ಇನ್ನೊಂದು ಪರಿಣಾಮ ನಮ್ಮ ಕಡೆಗೂ ತಟ್ಟಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಲಿವರ್‌ಪೂಲಿಗೆ ಅಮೆರಿಕದ ಹತ್ತಿ ನಿಂತಾಗ, ನ್ಯೂ ಆರ್ಲಿಯನ್ಸ್ ಬೀಜದಿಂದ 1840ರ ದಶಕದಲ್ಲೇ ಬೇರೂರಿದ್ದ ‘ಧಾರವಾಡ ಅಮೆರಿಕನ್’ ತಳಿಯ ಹತ್ತಿಗೂ ನಾಟಿ ಹತ್ತಿಗೂ ಎಂದೂ ಕಾಣದ ಬೆಲೆ ಬಂತು. ಚಕ್ಕಡಿಗಳು ಘಟ್ಟ ಇಳಿದು ಕುಮಟಾ, ಕಾರವಾರಗಳ ಹಾದಿ ಹಿಡಿದವು. ಯುದ್ಧ ಮುಗಿದ ಮೇಲೆ ಬೆಲೆ ಕುಸಿದಾಗ ಧಾರವಾಡದ ಸಾಲಗಾರ ರೈತ ನಷ್ಟಕ್ಕೆ ಸಿಕ್ಕಿದ, ಇಸಾಕ್ವೀನಾದಲ್ಲಿ ಆಗತಾನೆ ಬಿಡುಗಡೆಯಾದ ಗುಲಾಮನೂ ಅದೇ ಅಗ್ಗದ ಹತ್ತಿಯನ್ನು ಬೆಳೆಯಲು ಸಾಲದ ಬಲೆಗೆ ಬಿದ್ದ.

ಆ ಬಲೆ ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗುಲಾಮಗಿರಿ ಹೋಯಿತು, ಭೂಮಿ ಹಂಚಿಕೆಯಾಗಲಿಲ್ಲ. ತೋಟದ ಒಡೆಯ ತನ್ನ ಜಮೀನನ್ನು ತುಂಡುಗಳಾಗಿ ಮಾಡಿ ಕುಟುಂಬಕ್ಕೊಂದರಂತೆ ಪಾಲಿಗೆ ಕೊಟ್ಟ. ಮನೆ, ಹೇಸರಗತ್ತೆ, ನೇಗಿಲು, ಬೀಜ ಅವನವು, ಮೈ ಮುರಿದು ದುಡಿಯುವುದು ಇವರ ಪಾಲು, ಫಸಲು ಅರ್ಧರ್ಧ. ವಸಂತದಲ್ಲಿ ಬಿತ್ತನೆ ಮೊದಲುಗೊಂಡು ಶರತ್ಕಾಲದ ಕೊಯ್ಲಿನವರೆಗೆ ಹಿಟ್ಟು, ಹಂದಿಮಾಂಸ, ಬಟ್ಟೆ, ಔಷಧಿ ಎಲ್ಲವನ್ನೂ ತೋಟದ ಅಂಗಡಿಯಿಂದಲೇ ಸಾಲದ ಮೇಲೆ ತರಬೇಕು, ಬರೆದುಕೊಳ್ಳುವುದು ಒಡೆಯನ ಗುಮಾಸ್ತ, ಬಡ್ಡಿ ಅವನು ಹೇಳಿದಷ್ಟು. ಡಿಸೆಂಬರಿನಲ್ಲಿ ಲೆಕ್ಕ ಮುಗಿಸುವ ದಿನ ಹತ್ತಿಯ ಅರ್ಧ ಪಾಲಿನಿಂದ ಸಾಲ ಕಳೆದರೆ ಉಳಿಯುವುದು ಬಹುತೇಕ ಸೊನ್ನೆ, ಹಲವು ಸಲ ಸೊನ್ನೆಗಿಂತ ಕೆಳಗೆ. ಆ ಬಾಕಿ ಮುಂದಿನ ವರ್ಷದ ಮೊದಲ ಸಾಲು. ಲೆಕ್ಕವನ್ನು ಪ್ರಶ್ನಿಸುವ ಧೈರ್ಯಕ್ಕೆ ಬೆಂಬಲವಾಗಬಹುದಾಗಿದ್ದ ಮತದ ಹಕ್ಕನ್ನು 1890ರ ರಾಜ್ಯ ಸಂವಿಧಾನ ತಲೆಗಂದಾಯ ಮತ್ತು ‘ಅರ್ಥ ವಿವರಣೆ’ ಪರೀಕ್ಷೆಗಳ ಮೂಲಕ ಕಿತ್ತುಕೊಂಡಿತು. ಕಪ್ಪು ಜನರೇ ಬಹುಸಂಖ್ಯಾತರಾಗಿದ್ದ ಕೌಂಟಿಯಲ್ಲಿ ಮತಪಟ್ಟಿ ಬಿಳಿಯದಾಗಿಯೇ ಉಳಿಯಿತು.

ಜನಸಂಖ್ಯೆ ಅತಿ ಹೆಚ್ಚಿದ್ದದ್ದೂ ಅದೇ ವರ್ಷ: 1890ರಲ್ಲಿ 12,318. 1876ರಲ್ಲಿಯೇ ಇದರ ಒಂದು ಭಾಗವನ್ನು ಶಾರ್ಕಿ ಎಂಬ ಹೊಸ ಕೌಂಟಿಗೆ ಕೊಟ್ಟಿದ್ದರೂ ಸಂಖ್ಯೆ ಅಷ್ಟಿತ್ತು. 1880ರ ದಶಕದಲ್ಲಿ ಬಂದ ರೈಲು ನದಿಯಿಂದ ದೂರ, ಡೀರ್ ಕ್ರೀಕಿನ ಎತ್ತರದ ಮಗ್ಗುಲಿನಲ್ಲಿ ಸಾಗಿದ್ದರಿಂದ ವ್ಯಾಪಾರ ಶಾರ್ಕಿಯ ರೋಲಿಂಗ್ ಫೋರ್ಕ್ ಪಟ್ಟಣಕ್ಕೆ ಸರಿಯಿತು. ಹಬೆ ದೋಣಿಗಳು ನಿಂತಂತೆ ಮೇಯರ್ಸ್‌ವಿಲ್ ಕಚೇರಿ ಮಾತ್ರ ಉಳಿದ ಊರಾಯಿತು. ಇಂದಿಗೂ ಇಸಾಕ್ವೀನಾದ ಹೆಚ್ಚಿನ ಮಕ್ಕಳು ಶಾಲೆಗೆ ಹೋಗುವುದು, ರೋಗಿಗಳು ಆಸ್ಪತ್ರೆಗೆ ಹೋಗುವುದು ರೋಲಿಂಗ್ ಫೋರ್ಕಿಗೇ.

1927ರ ಏಪ್ರಿಲ್ 21ರಂದು ಉತ್ತರದ ಮೌಂಡ್ಸ್ ಲ್ಯಾಂಡಿಂಗ್‌ನಲ್ಲಿ ಒಡ್ಡು ಒಡೆದಾಗ ಆ ನೀರು ಡೆಲ್ಟಾದ ಇಳಿಜಾರನ್ನು ಹಿಡಿದು ಕೆಳತುದಿಯವರೆಗೂ ಹಬ್ಬಿತು. ಮರುವರ್ಷ ಅಮೆರಿಕದ ಸಂಸತ್ತು ನೆರೆ ನಿಯಂತ್ರಣವನ್ನು ಕೇಂದ್ರ ಸರ್ಕಾರದ ಹೊಣೆಯಾಗಿ ಒಪ್ಪಿಕೊಂಡಿತು, ಸೇನಾ ಎಂಜಿನಿಯರುಗಳ ದಳ ಒಡ್ಡುಗಳನ್ನು ಹೆಚ್ಚು ಎತ್ತರಕ್ಕೆ, ಹೆಚ್ಚು ಅಗಲಕ್ಕೆ ಮರುನಿರ್ಮಿಸಿತು. ಇಂದು ಮೇಯರ್ಸ್‌ವಿಲ್‌ನಲ್ಲಿ ನಿಂತವರಿಗೆ ನದಿ ಕಾಣುವುದಿಲ್ಲ. ಹುಲ್ಲು ಹೊದ್ದ ಒಂದು ಉದ್ದನೆಯ ದಿಬ್ಬ ಕಾಣುತ್ತದೆ, ನದಿ ಅದರಾಚೆಗೆ.

ಜನ ಖಾಲಿಯಾದದ್ದು ನೆರೆಯಿಂದಲ್ಲ. 1944ರಲ್ಲಿ ಡೆಲ್ಟಾದ ಉತ್ತರದ ಕ್ಲಾರ್ಕ್ಸ್‌ಡೇಲ್ ಬಳಿಯ ಹಾಪ್ಸನ್ ತೋಟದಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಪ್ರದರ್ಶನವಾಯಿತು; ಒಂದು ಯಂತ್ರ ಹತ್ತಾರು ಜನರ ಕೆಲಸ ಮಾಡಿತು. ಅದಕ್ಕೂ ಮೊದಲೇ ಷಿಕಾಗೋದ ಕಾರ್ಖಾನೆಗಳತ್ತ ಹೊರಟಿದ್ದ ಜನರ ಸಾಲು ಆಮೇಲೆ ಪ್ರವಾಹವಾಯಿತು. ಬ್ಲೂಸ್ ಸಂಗೀತದ ದೊಡ್ಡ ಹೆಸರಾದ ಮಡ್ಡಿ ವಾಟರ್ಸ್ ತನ್ನ ಹುಟ್ಟೂರು ರೋಲಿಂಗ್ ಫೋರ್ಕ್ ಎನ್ನುತ್ತಿದ್ದರೂ, ದಾಖಲೆಗಳನ್ನು ಜಾಲಾಡಿದವರು ಆ ಜಾಗ ಪಕ್ಕದ ಇಸಾಕ್ವೀನಾದೊಳಗಿನ ಜಗ್ಸ್ ಕಾರ್ನರ್ ಎನ್ನುತ್ತಾರೆ. ಆತನೂ 1943ರಲ್ಲಿ ಷಿಕಾಗೋ ಸೇರಿದವನೇ. 1940ರಲ್ಲಿ 6,433 ಇದ್ದ ಜನಸಂಖ್ಯೆ 1960ಕ್ಕೆ 3,576ಕ್ಕೂ 1970ಕ್ಕೆ 2,737ಕ್ಕೂ ಇಳಿಯಿತು.

ಉಳಿದವರಲ್ಲಿ ಕೆಲವರು ಈ ಹೊತ್ತಿಗೆ ಮತದ ಹಕ್ಕನ್ನು ಕೇಳತೊಡಗಿದ್ದರು. ಹತ್ತಿ ಬಿಡಿಸಿ ಬದುಕುತ್ತಿದ್ದ ಯೂನಿಟಾ ಬ್ಲ್ಯಾಕ್‌ವೆಲ್ 1964ರಲ್ಲಿ ಕೆಲವರೊಡನೆ ಮೇಯರ್ಸ್‌ವಿಲ್ ನ್ಯಾಯಾಲಯಕ್ಕೆ ಮತದಾರರಾಗಿ ಹೆಸರು ಬರೆಸಲು ಹೋದರು. ನಿಯಮದಂತೆ ಅರ್ಜಿದಾರರು ರಾಜ್ಯ ಸಂವಿಧಾನದ 285 ವಿಧಿಗಳಲ್ಲಿ ಗುಮಾಸ್ತ ತೋರಿಸಿದ ಒಂದನ್ನು ನಕಲು ಮಾಡಿ, ಅದರ ಅರ್ಥವನ್ನು ಅವನಿಗೆ ಒಪ್ಪಿಗೆಯಾಗುವಂತೆ ಬರೆಯಬೇಕಿತ್ತು. ಒಪ್ಪಿಗೆಗೆ ಅಳತೆಗೋಲೇನೂ ಇರಲಿಲ್ಲ. ಹೆಸರು ಬರೆಸಲು ಹೋದದ್ದಕ್ಕೇ ಬ್ಲ್ಯಾಕ್‌ವೆಲ್‌ಗೆ ಹೊಲದ ಕೆಲಸ ತಪ್ಪಿತು, ಆದರೂ ಮತ್ತೆ ಮತ್ತೆ ಹೋಗಿ ಕೊನೆಗೂ ಹೆಸರು ಬರೆಸಿದರು. 1965ರಲ್ಲಿ, ಕಪ್ಪು ಮತ್ತು ಬಿಳಿಯ ಕೈಗಳು ಕುಲುಕುವ ಚಿತ್ರದ ಬಿಲ್ಲೆ ಧರಿಸಿದ್ದಕ್ಕೆ ಸುಮಾರು 300 ವಿದ್ಯಾರ್ಥಿಗಳನ್ನು ಶಾಲೆಯಿಂದ ಹೊರಗಿಟ್ಟಾಗ ಕೌಂಟಿಯ ಶಿಕ್ಷಣ ಮಂಡಳಿಯ ವಿರುದ್ಧ ಮೊಕದ್ದಮೆ ಹೂಡಿದರು. ಬಿಲ್ಲೆಯ ವಿಷಯದಲ್ಲಿ ನ್ಯಾಯಾಲಯ ಶಾಲೆಯ ಪರ ನಿಂತಿತು, ಆದರೆ ವರ್ಣಭೇದದ ಶಾಲೆಗಳನ್ನು ಒಂದುಗೂಡಿಸುವ ಆದೇಶ ಆ ಮೊಕದ್ದಮೆಯಿಂದಲೇ ಹೊರಟಿತು. 1976ರಲ್ಲಿ ಮೇಯರ್ಸ್‌ವಿಲ್ ಸ್ಥಳೀಯ ಆಡಳಿತದ ಮಾನ್ಯತೆ ಪಡೆದಾಗ ಬ್ಲ್ಯಾಕ್‌ವೆಲ್ ಮೇಯರ್ ಆದರು. ಮಿಸಿಸಿಪ್ಪಿಯಲ್ಲಿ ಆ ಹುದ್ದೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು. ಹೈಸ್ಕೂಲು ಮುಗಿಸಿರದ ಅವರು 1983ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಿಂದ ಪ್ರಾದೇಶಿಕ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು, 1992ರಲ್ಲಿ ಅಸಾಧಾರಣ ಪ್ರತಿಭೆಗೆ ಕೊಡುವ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಊರಿಗೆ ಅವರಿಂದ ಬಂದದ್ದು ನಲ್ಲಿ ನೀರು, ಒಳಚರಂಡಿ, ಡಾಂಬರು ಬೀದಿ, ಬಡವರಿಗೆ ಮನೆಗಳು. ರಾಜಕೀಯ ಅಧಿಕಾರ ಇಷ್ಟನ್ನು ತರಬಲ್ಲದಾಗಿತ್ತು. ಜಮೀನಿನ ಒಡೆತನವನ್ನು ಅದು ಮುಟ್ಟಲಿಲ್ಲ.

ಅಷ್ಟರಲ್ಲಿ ಹೊಲಗಳ ಚಿತ್ರವೇ ಬದಲಾಗಿತ್ತು. ಹತ್ತಿಗೆ ಎತ್ತರದ ದಂಡೆಯ ಹದವಾದ ಮಣ್ಣು ಬೇಕು, ಸೋಯಾಬೀನ್ ತಡವಾಗಿ ಬಿತ್ತಿದರೂ ಜೇಡಿಯಲ್ಲಿ ಬೆಳೆಯುತ್ತದೆ. 1960 ಮತ್ತು 70ರ ದಶಕಗಳಲ್ಲಿ ಸೋಯಾಬೀನ್ ಬೆಲೆ ಏರಿದಾಗ, ಒಡ್ಡು ಮತ್ತು ಕಾಲುವೆಗಳ ಭರವಸೆಯ ಮೇಲೆ, ಅದುವರೆಗೆ ಕಾಡಾಗಿಯೇ ಉಳಿದಿದ್ದ ತಗ್ಗು ಪ್ರದೇಶದ ಓಕ್ ಮರಗಳನ್ನು ಬುಲ್ಡೋಜರ್ ಹಚ್ಚಿ ತೆಗೆದರು. ನೀರು ನಿಲ್ಲಬೇಕಾದ ಜಾಗ ಹೀಗೆ ಹೊಲವಾಯಿತು. ಇಂದಿನ ಜಗಳದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ಈಗ ಕೌಂಟಿಯ ಮುಖ್ಯ ಬೆಳೆಗಳು ಸೋಯಾಬೀನ್, ಮೆಕ್ಕೆಜೋಳ, ಹತ್ತಿ. ಸಾವಿರಾರು ಎಕರೆಯ ಜಮೀನನ್ನು ಬೆರಳೆಣಿಕೆಯ ಜನ ಯಂತ್ರಗಳಿಂದ ಸಾಗುಮಾಡುತ್ತಾರೆ, ಉತ್ಪನ್ನ ನೇರವಾಗಿ ನದಿಯ ಬಾರ್ಜ್‌ಗಳಿಗೆ ಹೋಗುತ್ತದೆ. ಒಡ್ಡು ಮತ್ತು ನದಿಯ ನಡುವಿನ ಕಾಡು ಜಿಂಕೆ, ಬಾತುಗಳ ಬೇಟೆಗೆ ಕ್ಲಬ್ಬುಗಳ ವಶದಲ್ಲಿದೆ. ಅವುಗಳ ಸದಸ್ಯರು ಹೆಚ್ಚಾಗಿ ಹೊರಗಿನವರು, ಆ ಗೇಣಿ ಸೇರುವುದು ಜಮೀನುದಾರರಿಗೆ. ಸ್ಥಳೀಯರಿಗೆ ಸಂಬಳದ ಕೆಲಸ ಕೊಡುವವು ಕೌಂಟಿ ಕಚೇರಿ, ಶಾಲಾ ಜಿಲ್ಲೆ ಮತ್ತು ರಾಜ್ಯದ ಕೈದಿಗಳನ್ನು ದಿನಕ್ಕೆ ತಲೆಗಿಷ್ಟು ಎಂಬ ದರದಲ್ಲಿ ಇರಿಸಿಕೊಳ್ಳುವ ಜೈಲು. ಅಮೆರಿಕದ ಜನಗಣತಿ ಕೈದಿಗಳನ್ನು ಅವರು ಸೆರೆಯಲ್ಲಿರುವ ಊರಿನಲ್ಲೇ ಎಣಿಸುತ್ತದೆಯಾದ್ದರಿಂದ ಇಂಥ ಸಣ್ಣ ಕೌಂಟಿಯ ಅಂಕಿಅಂಶಗಳನ್ನು ಓದುವಾಗ ಅದನ್ನೂ ನೆನಪಿಡಬೇಕು.

ಇನ್ನು ಹಿನ್ನೀರಿನ ಸಮಸ್ಯೆ. ಮಿಸಿಸಿಪ್ಪಿ ಉಕ್ಕಿದಾಗ ಯಾಜೂ ಸಂಗಮದಿಂದ ನೀರು ಹಿಮ್ಮುಖವಾಗಿ ಡೆಲ್ಟಾದೊಳಕ್ಕೆ ನುಗ್ಗುತ್ತಿತ್ತು. ಅದನ್ನು ತಡೆಯಲು ದಕ್ಷಿಣದ ತುದಿಗೂ ಒಡ್ಡು ಹಾಕಿ 1978ರಲ್ಲಿ ಮುಗಿಸಿದರು, ಒಳಗಿನ ಮಳೆನೀರು ಹೊರಹೋಗಲು ಸ್ಟೀಲ್ ಬಯೂವಿನ ಬಾಯಿಯಲ್ಲಿ 1969ರಲ್ಲೇ ಗೇಟು ಕಟ್ಟಿದ್ದರು. ಗೇಟಿನ ಎರಡೂ ಬದಿಗೆ ಮಟ್ಟದ ಮಾಪಕಗಳಿವೆ. ಒಳಗಿನ ಮಟ್ಟ ಹೆಚ್ಚಿದ್ದರೆ ಗೇಟು ತೆರೆಯುತ್ತಾರೆ, ಹೊರಗಿನ ನದಿ ಹೆಚ್ಚಾದ ಗಳಿಗೆಯಲ್ಲಿ ಮುಚ್ಚುತ್ತಾರೆ. ಆ ಎರಡು ಅಂಕಿಗಳನ್ನು ಎಂಜಿನಿಯರುಗಳ ದಳ ಪ್ರತಿದಿನ ಪ್ರಕಟಿಸುತ್ತದೆ, ಈ ಭಾಗದ ರೈತರು ಅವನ್ನು ಮಂಡಿ ದರ ನೋಡಿದಂತೆ ನೋಡುತ್ತಾರೆ. ಮುಚ್ಚಿದ ಗೇಟಿನ ಹಿಂದೆ ಮಳೆ ಸುರಿದರೆ ನೀರಿಗೆ ಹೋಗುವ ದಾರಿಯೇ ಇಲ್ಲ. 2019ರಲ್ಲಿ ಆದದ್ದು ಇದೇ: ಫೆಬ್ರುವರಿಯಿಂದ ಆಗಸ್ಟ್‌ವರೆಗೆ ನಿಂತ ನೀರು ಮೇ ತಿಂಗಳಲ್ಲಿ ಸಮುದ್ರಮಟ್ಟದಿಂದ 98.2 ಅಡಿಗೆ ಏರಿತು, ಡೆಲ್ಟಾದ ದಕ್ಷಿಣದಲ್ಲಿ ಸುಮಾರು 5.48 ಲಕ್ಷ ಎಕರೆ ಮುಳುಗಿತು. ಅದರಲ್ಲಿ ಸುಮಾರು 2.31 ಲಕ್ಷ ಎಕರೆ ಬೇಸಾಯದ ಭೂಮಿ. ಆ ವರ್ಷ ಅಲ್ಲಿ ಬಿತ್ತನೆಯೇ ಆಗಲಿಲ್ಲ.

ಪಂಪ್ ಇಟ್ಟು ನೀರನ್ನು ಒಡ್ಡಿನಾಚೆ ಎಸೆಯುವ ಯೋಚನೆಗೆ 1941ರಲ್ಲೇ ಸಂಸತ್ತಿನ ಒಪ್ಪಿಗೆ ಸಿಕ್ಕಿತ್ತು. 14,000 ಕ್ಯೂಸೆಕ್ ಸಾಮರ್ಥ್ಯದ ಪಂಪಿನ ಯೋಜನೆಯನ್ನು 2008ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಶುದ್ಧ ಜಲ ಕಾಯ್ದೆಯ ಬಹಳ ವಿರಳವಾಗಿ ಬಳಸುವ ಅಧಿಕಾರದಿಂದ ತಡೆಹಿಡಿಯಿತು. ಸುಮಾರು 67,000 ಎಕರೆ ಜೌಗಿಗೆ ಹಾನಿಯಾಗುತ್ತದೆ, ವಲಸೆ ಹಕ್ಕಿಗಳಿಗೂ ಮೀನಿಗೂ ಮೊಟ್ಟೆಯಿಡುವ, ಮೇಯುವ ತಾಣ ತಪ್ಪುತ್ತದೆ ಎಂಬುದು ಅದರ ಕಾರಣ. ಆಮೇಲೆ ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾದಂತೆ ತಡೆ ತೆರವಾಗುವುದು, ಮತ್ತೆ ಜಾರಿಯಾಗುವುದು ನಡೆದು, 2025ರ ಜನವರಿಯಲ್ಲಿ 25,000 ಕ್ಯೂಸೆಕ್‌ನ ಹೊಸ ಯೋಜನೆಗೆ ಒಪ್ಪಿಗೆ ಬಿತ್ತು. ಅದರ ಪ್ರಕಾರ ಬೆಳೆಯ ಹಂಗಾಮಿನಲ್ಲಿ ನೀರನ್ನು 90 ಅಡಿ ಮಟ್ಟಕ್ಕೂ ಉಳಿದ ತಿಂಗಳುಗಳಲ್ಲಿ 93 ಅಡಿಗೂ ತಡೆದು ನಿಲ್ಲಿಸಬೇಕು. ಈ ವಿಷಯದಲ್ಲಿ ಎರಡು ಪಕ್ಷ ಎಂದು ಪತ್ರಿಕೆಗಳು ಬರೆಯುವುದುಂಟು, ರೈತರು ಒಂದು ಕಡೆ, ಪರಿಸರವಾದಿಗಳು ಇನ್ನೊಂದು ಕಡೆ ಎಂದು. ಆದರೆ ತಗ್ಗಿನ ಊರುಗಳಲ್ಲಿ ಮನೆ ಮುಳುಗಿಸಿಕೊಂಡ ಬಹುಪಾಲು ಕಪ್ಪು ಕುಟುಂಬಗಳು ಸೋಯಾಬೀನ್ ಬೆಳೆಯುವವರಲ್ಲ, ಬಾತುಕೋಳಿ ಎಣಿಸುವವರೂ ಅಲ್ಲ. ಪಂಪ್ ಬಂದರೆ ಹೆಚ್ಚಿನ ಲಾಭ ದೊಡ್ಡ ಜಮೀನಿಗೆ ಎಂಬ ಟೀಕೆಯಲ್ಲಿ ಹುರುಳಿದೆ. ಪಂಪ್ ಬಾರದಿದ್ದರೆ ಆರು ತಿಂಗಳು ಅಂಗಳದಲ್ಲಿ ನೀರು ನಿಲ್ಲುವುದು ಇವರಿಗೇ ಎಂಬುದೂ ಅಷ್ಟೇ ನಿಜ. ಯೋಜನೆಯಲ್ಲಿ ಅತಿ ತಗ್ಗಿನ ಮನೆಗಳನ್ನು ಮಾಲೀಕರು ಒಪ್ಪಿದರೆ ಸರ್ಕಾರವೇ ಕೊಳ್ಳುವ ಅವಕಾಶವೂ ಇದೆ. 1,338 ಜನರ ಕೌಂಟಿಯಲ್ಲಿ ಹಾಗೆ ಮಾರಿ ಹೊರಡುವ ಪ್ರತಿ ಕುಟುಂಬದೊಡನೆ ಶಾಲೆಗೆ ಒಂದೆರಡು ಮಕ್ಕಳೂ ಖಜಾನೆಗೆ ಒಂದು ಮನೆಯ ತೆರಿಗೆಯೂ ಕಡಿಮೆಯಾಗುತ್ತವೆ, ಮೇಲ್ವಿಚಾರಕರ ಮಂಡಳಿ ಉಳಿದ ರಸ್ತೆಗಳನ್ನು ಅಷ್ಟರಲ್ಲೇ ನಡೆಸಬೇಕಾಗುತ್ತದೆ.